ಮೈಕು ಜನರ ಕಡೆ ತಿರುಗಿದಾಗ

ದಸರೆಗೆ ಇನ್ನೂ ಹತ್ತು ಹದಿನೈದು ದಿನ ಇರುವಾಗಲೇ ಮೈಸೂರಿನ ಬೋಗಾದಿಯ ತಾರಸಿಗಳಿಗೆ ಡ್ರಮ್ಮಿನ ಸದ್ದು ಬರತೊಡಗುತ್ತದೆ. ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುವ ಸಂಜೆಗಳು ಅವು. ಹಾಡು ಕನ್ನಡದ್ದೋ ಹಿಂದಿಯದ್ದೋ ತಿಳಿಯುವುದಿಲ್ಲ. ತೆಳು ಸ್ವರಗಳನ್ನೆಲ್ಲ ನಡುವಿನ ಮರಗಳೂ ಮನೆಗಳೂ ನುಂಗಿಕೊಂಡು ದಪ್ಪ ಸ್ವರವನ್ನಷ್ಟೇ ನಮಗೆ ಬಿಡುತ್ತವೆ. ಆ ಗುದ್ದಿನ ಜೊತೆ ಇನ್ನೊಂದು ಸದ್ದೂ ದಾಟಿ ಬರುತ್ತದೆ, ಸಾವಿರಾರು ಕಾಲೇಜು ಮಕ್ಕಳು ಒಟ್ಟಿಗೆ ತೆಗೆಯುವ ಕೂಗು. ಕಾಫಿ ಲೋಟ ಹಿಡಿದು ಅದನ್ನೇ ಕೇಳುತ್ತಾ ನಿಂತರೆ ಕೆಳಗಿನಿಂದ ಅಕ್ಕ ಕರೆಯುತ್ತಾಳೆ, “ಸೊಳ್ಳೆ ಕಚ್ಚುತ್ತೆ, ಒಳಗೆ ಬಾರೋ.” ನಾನು ಹೋಗುವುದಿಲ್ಲ. ಇಷ್ಟು ವರ್ಷ ಸಂಗೀತ ಕೇಳಿದ ಮೇಲೆ ನನಗೆ ಅತಿ ಪ್ರಿಯವಾದ ಸದ್ದುಗಳಲ್ಲಿ ಆ ಕೂಗೂ ಒಂದು.

ಅಕ್ಕನ ಮಗಳು 2025ರ ಜನವರಿ 26ರಂದು ಅಹಮದಾಬಾದಿನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ತಂಡವನ್ನು ನೋಡಿ ಬಂದವಳು. 1,32,000 ಆಸನಗಳ ಕ್ರೀಡಾಂಗಣ. ಅಂದು ಲಕ್ಷ ಮೀರಿ ಜನ. ಅದೇ ಸಂಜೆ ಕಾರ್ಯಕ್ರಮ ಹಾಟ್‌ಸ್ಟಾರ್‌ನಲ್ಲಿ ನೇರವಾಗಿ ಬರುತ್ತಿತ್ತು. ಅಕ್ಕ, ನಾನು ಬೋಗಾದಿ ಎರಡನೇ ಹಂತದ ಮನೆಯಲ್ಲಿ ಟೀವಿ ಮುಂದೆ ಕೂತಿದ್ದೆವು. ನಮಗೆ ಕ್ರಿಸ್ ಮಾರ್ಟಿನ್ನನ ಹಣೆಯ ಬೆವರೂ ಕಂಡಿತು. ಅವಳಿಗೆ ಅವನು ಕಿರುಬೆರಳಿನ ಉಗುರಿನಷ್ಟು. ನಮಗೆ ಹಾಡಿನ ಪ್ರತಿ ಅಕ್ಷರವೂ ಕೇಳಿತು. ಅವಳಿಗೆ ಅಕ್ಕಪಕ್ಕದವರ ಕಿರುಚಾಟದಲ್ಲಿ ಅರ್ಧ. ಎರಡು ದಿನ ಬಿಟ್ಟು ಮನೆಗೆ ಬಂದಾಗ ಗಂಟಲು ಕಟ್ಟಿಹೋಗಿತ್ತು.

“ಮಾಮ, ಟೀವೀಲಿ ಹೆಂಗಿತ್ತು?” ಅಂದಳು. ಬಹಳ ಚೆನ್ನಾಗಿತ್ತು ಅಂದೆ.

“ಹಂಗಾದ್ರೆ ನೀವು ನೋಡಿದ್ದು ಬೇರೆ,” ಅಂದಳು.

ಅವಳ ಮಾತು ನಿಜ. ಸ್ಪಷ್ಟವಾಗಿ ಕೇಳುವುದೇ ಗುರಿಯಾದರೆ ಮನೆಯೇ ವಾಸಿ. ನಮ್ಮೂರಲ್ಲಿ ಹಾಗೆ ಮನೆಯಲ್ಲಿ ಕೂತು ಕೇಳಿದ ಅತಿ ದೊಡ್ಡ ಅಭಿಮಾನಿ ಜಯಚಾಮರಾಜ ಒಡೆಯರ್. ರಷ್ಯಾದ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು ಅವರು; ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಸಿದಾಗಲೂ ಖರ್ಚಿಗೆ 4,800 ಡಾಲರಿನ ಖಾತರಿ ಕೊಟ್ಟದ್ದು ಒಡೆಯರೇ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದವರು ಫುರ್ಟ್‌ವೆಂಗ್ಲರ್. ಒಡೆಯರಿಗೆ ಹೋಗಲಾಗಲಿಲ್ಲ. ಆ ರಾತ್ರಿಯ ಧ್ವನಿಮುದ್ರಿಕೆ ಅವರಿಗಾಗಿ ಮೈಸೂರಿಗೆ ಬಂತು. ಆ ತಟ್ಟೆಯಲ್ಲಿ ಅವರಿಗೆ ಫ್ಲಾಗ್‌ಸ್ಟಾಡ್ ಸಿಕ್ಕಿರಬೇಕು. ಉಸಿರು ಬಿಗಿಹಿಡಿದು ಕೂತ ಆ ಸಭಾಂಗಣ ಎಷ್ಟು ಸಿಕ್ಕಿತೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ನನಗೆ ಅದು ಸಿಕ್ಕಿದ್ದು 2007ರ ಮಾರ್ಚ್ 17, ಶನಿವಾರ, ಬೆಂಗಳೂರಿನ ಅರಮನೆ ಮೈದಾನದಲ್ಲಿ. ಬಂದವರು ಐರನ್ ಮೇಡನ್. ಅದು ಕ್ರೀಡಾಂಗಣವಲ್ಲ, ಬಯಲು. ಆದರೆ ದಕ್ಷಿಣ ಭಾರತದ ರಾಕ್ ಹುಚ್ಚಿನವರಿಗೆ ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಅಂಗಳ ಇರಲಿಲ್ಲ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಭಾರತದ ನೆಲದಲ್ಲಿ ಮೊದಲು ನುಡಿಸಿದ್ದೂ ಅಲ್ಲೇ, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನುಡಿಸಿದ್ದೂ ಅಲ್ಲೇ.

ನಾವು ಐದು ಜನ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದೆವು. ಐವರದ್ದೂ ಕಪ್ಪು ಅಂಗಿ. ಮಂಡ್ಯದಲ್ಲಿ ಹತ್ತಿದ ಒಬ್ಬ ಅಜ್ಜಿ ನಮ್ಮನ್ನು ನೋಡಿ, “ಈ ತಿಂಗಳಲ್ಲಿ ಮಾಲೆ ಹಾಕಿದ್ದೀರಲ್ಲಪ್ಪ, ಯಾವ ಪೂಜೆಗೆ?” ಅಂದರು. ಅಂಗಿಯ ಮೇಲಿದ್ದ, ಮೇಡನ್ ತಂಡದ ಗುರುತಾದ ಎಡ್ಡಿಯ ಅಸ್ಥಿಪಂಜರದ ಮುಖ ಅವರಿಗೆ ಕಂಡಿರಲಿಲ್ಲ. ನಮ್ಮ ಸ್ನೇಹಿತ ನಿಂತು, ತಗ್ಗಿದ ದನಿಯಲ್ಲಿ, “ಹದಿನೈದು ವರ್ಷದಿಂದ ಕಾಯ್ತಿದ್ವಿ ಅಜ್ಜಿ, ಇವತ್ತು ದರ್ಶನ” ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು, ಹಾಡಿನ ಹೆಸರನ್ನು ಬಾಲ್‌ಪೆನ್ನಿನಲ್ಲಿ ಬರೆದುಕೊಂಡು, ರಿಬ್ಬನ್ ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ಸುತ್ತಿ ಕೇಳಿದ ಹಾಡುಗಳವು. ಅವನ್ನು ನುಡಿಸಿದ ಮನುಷ್ಯರು ಮುಂದೆ ಬಂದು ನಿಲ್ಲುತ್ತಾರೆ ಎಂದರೆ ದರ್ಶನ ಅಲ್ಲದೆ ಇನ್ನೇನು?

ಮೊದಲು ದೆಹಲಿಯ ಪರಿಕ್ರಮ ತಂಡ ನುಡಿಸಿತು. ಕತ್ತಲಾದ ಮೇಲೆ ಮೇಡನ್. ಕ್ರೈಮಿಯಾ ಯುದ್ಧದ ಕುದುರೆ ಸವಾರನ ಹಾಡಿಗೆ ಬ್ರೂಸ್ ಡಿಕಿನ್ಸನ್ ಕೆಂಪು ಕೋಟು ತೊಟ್ಟು ಯೂನಿಯನ್ ಜ್ಯಾಕ್ ಬೀಸುವುದು ಆ ತಂಡದ ಹಳೆಯ ವಾಡಿಕೆ. ಶ್ರೀರಂಗಪಟ್ಟಣದ ಕೋಟೆಯ ಬಿರುಕು ನೋಡಿಕೊಂಡು ಬೆಳೆದ ನನಗೆ ಕೆಂಪು ಕೋಟು ಎಂದರೆ 1799. ಆದರೆ ಆ ಹಾಡಿನಲ್ಲಿರುವುದು ಗುಂಡೇಟು ತಿಂದು ಒಬ್ಬನೇ ಸಾಯುವ ಸಿಪಾಯಿಯ ದನಿ. ಸಾಯುವವನಿಗೆ ಯಾವ ಬಾವುಟವಾದರೇನು ಅನ್ನಿಸಿ ನಾನೂ ಗಂಟಲು ಕೂಡಿಸಿದ್ದೆ.

ನಾನು ಹೇಳಹೊರಟ ಗಳಿಗೆ ಬಂದದ್ದು ‘ಫಿಯರ್ ಆಫ್ ದ ಡಾರ್ಕ್’ ಹಾಡಿನಲ್ಲಿ. 1992ರ ಹಾಡು. ಮಾತು ಶುರುವಾಗುವ ಮೊದಲು ಗಿಟಾರಿನ ಒಂದು ನಿಧಾನದ ಸುತ್ತು ಇದೆ. ಮಾತಿಲ್ಲದ ಆ ರಾಗವನ್ನು ಲೋಕದ ಎಲ್ಲ ಊರುಗಳಲ್ಲೂ ಅಭಿಮಾನಿಗಳೇ ಬಾಯಲ್ಲಿ ನುಡಿಸುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಒಂದು ಊರಿನ ಧ್ವನಿಮುದ್ರಿಕೆ ಕೇಳಿ ಇನ್ನೊಂದು ಊರು ಕಲಿತದ್ದು. ನಮಗೂ ಅದು ಕ್ಯಾಸೆಟ್ಟಿನಿಂದಲೇ ಬಂದಿತ್ತು. ಆದರೆ ಅಂದಿನವರೆಗೆ ನಾವು ಅದನ್ನು ಮಹಡಿಯ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಒಬ್ಬೊಬ್ಬರೇ ಗುನುಗಿದ್ದವರು. ಡಿಕಿನ್ಸನ್ ಮೈಕನ್ನು ನಮ್ಮ ಕಡೆ ತಿರುಗಿಸಿದ. ಎಡಕ್ಕೆ ನಿಂತಿದ್ದವನು ಮಣಿಪುರಿ ಹುಡುಗ, ಬಲಕ್ಕೆ ಚೆನ್ನೈಯಿಂದ ಬಂದ ಗಂಡ ಹೆಂಡತಿ. ಎಲ್ಲರಿಗೂ ಒಂದೇ ಸ್ವರ ಗೊತ್ತಿತ್ತು. ಇಷ್ಟು ದಿನ ಇವರೆಲ್ಲ ಎಲ್ಲಿದ್ದರು ಎಂದು ನನಗೆ ಕಣ್ಣು ತುಂಬಿತು.

ಆಗಲೇ ಒಂದು ವಿಚಿತ್ರ ಗಮನಿಸಿದೆ. ವೇದಿಕೆಯ ಹತ್ತಿರದವರ ಹಾಡು, ನಮ್ಮ ಹಾಡು, ನಮ್ಮ ಹಿಂದಿನವರ ಹಾಡು, ಮೂರೂ ಬೇರೆ ಬೇರೆ ಹೊತ್ತಿಗೆ ಕಿವಿಗೆ ಬೀಳುತ್ತಿತ್ತು. ಕೆರೆಯ ಆಚೆ ದಡದಲ್ಲಿ ಅಗಸರು ಬಟ್ಟೆ ಒಗೆಯುವುದನ್ನು ನೋಡಿದವರಿಗೆ ಇದು ಗೊತ್ತು. ಬಟ್ಟೆ ಕಲ್ಲಿಗೆ ಬಿದ್ದು ಮತ್ತೆ ಮೇಲೆದ್ದ ಮೇಲೆ ‘ಟಪ್’ ಕೇಳಿಸುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ನಡೆಯುತ್ತದೆ. ವೇದಿಕೆಯಿಂದ 100 ಮೀಟರ್ ದೂರ ನಿಂತವನಿಗೆ ಡ್ರಮ್ಮಿನ ಏಟು 0.3 ಸೆಕೆಂಡ್ ತಡ. ನಿಮಿಷಕ್ಕೆ 120 ಏಟಿನ ಹಾಡಾದರೆ ಅರ್ಧ ಏಟಿಗಿಂತಲೂ ಹಿಂದೆ ಬಿದ್ದಂತೆ. ಹಿಂದಿನವರು ಕೇಳಿದ ತಾಳಕ್ಕೆ ಚಪ್ಪಾಳೆ ತಟ್ಟಿದರೆ ಆ ಚಪ್ಪಾಳೆ ಮತ್ತೆ ಮುಂದಿನವರಿಗೆ ತಲುಪಲು ಇನ್ನೂ ಅಷ್ಟೇ ಹೊತ್ತು. ಹೀಗೆ ದೊಡ್ಡ ಜಾತ್ರೆಯ ತಾಳ ಒಂದೇ ಕಡೆ ನಿಲ್ಲುವುದಿಲ್ಲ, ಭತ್ತದ ಗದ್ದೆಯ ಮೇಲೆ ಗಾಳಿ ಹಾದ ಹಾಗೆ ಹರಿಯುತ್ತದೆ. ಮೈದಾನದ ನಡುವೆ ಎತ್ತರದ ಕಂಬಗಳಿಗೆ ಸ್ಪೀಕರ್ ಕಟ್ಟಿರುತ್ತಾರಲ್ಲ, ಅವುಗಳಿಗೆ ಹಾಡನ್ನು ಬೇಕೆಂದೇ ಅಷ್ಟು ತಡಮಾಡಿ ಬಿಡುತ್ತಾರೆ. ಇಲ್ಲದಿದ್ದರೆ ಹಿಂದಿನವರಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳಿಸುತ್ತದೆ.

ಓದುಗರು ಆಗಾಗ ಕೇಳುತ್ತಾರೆ, ಎಲ್ಲಿ ನಿಲ್ಲಬೇಕು ಅಂತ. ಬೇಲಿಗೆ ಅಂಟಿಕೊಂಡು ಮುಂದೆ ನಿಂತರೆ ಕಣ್ಣಿಗೆ ಹಬ್ಬ, ಕಿವಿಗೆ ನಷ್ಟ. ದೊಡ್ಡ ಸ್ಪೀಕರುಗಳ ಹಾಡು ತಲೆಯ ಮೇಲೆ ಹಾದುಹೋಗಿ ಕೆಳಗಿನ ದಪ್ಪ ಸ್ವರ ಎದೆಗೆ ಗುದ್ದುತ್ತದೆ. ಮೈದಾನದ ನಡುವೆ ಒಂದು ಗುಡಾರ ಇರುತ್ತದೆ, ಅದರಲ್ಲಿ ಮಿಕ್ಸರ್ ಇಟ್ಟುಕೊಂಡು ಸೌಂಡ್ ಎಂಜಿನಿಯರ್ ಕೂತಿರುತ್ತಾರೆ. ಅವರು ಹಾಡನ್ನು ಹದ ಮಾಡುವುದು ತಮ್ಮ ಕಿವಿಗೆ ಬಿದ್ದದ್ದನ್ನು ನಂಬಿ. ಆ ಗುಡಾರದ ಪಕ್ಕ ನಿಂತರೆ ಅವರ ಕಿವಿಯನ್ನೇ ಕಡ ಪಡೆದಂತೆ. ಅಲ್ಲಿ ನಿಂತವರಿಗೆ ಮುಂದಿನ ಜನರ ಹಾಡೂ ಹಿಂದಿನ ಜನರ ಹಾಡೂ ಸಮ ಸಮ ಸಿಗುತ್ತದೆ. ನನಗೆ ಬೇಕಾದ್ದು ಅದೇ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಅರಮನೆ ಮೈದಾನದಿಂದ ಬಂದ ಮೇಲೆ ಎರಡು ದಿನ ನನ್ನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಅದನ್ನು ಪದಕದ ಹಾಗೆ ಹೊತ್ತು ತಿರುಗಿದೆ. ಕೆಲವು ವರ್ಷಗಳ ನಂತರ, ಬೋಗಾದಿಗೆ ಹತ್ತಿರವೇ ಇರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದೆ. ಕೈಗೆ ಬಂದ ಆಡಿಯೋಗ್ರಾಂ ಹಾಳೆಯಲ್ಲಿ ಗೆರೆ ನೆಟ್ಟಗೆ ಬಂದು, 4,000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಇಳಿದು, ಮತ್ತೆ ಹತ್ತಿತ್ತು. ಗದ್ದಲದಿಂದ ನೊಂದ ಕಿವಿಯ ಗುರುತೇ ಆ ಹಳ್ಳ. ನಮ್ಮ ‘ಸ’, ‘ಶ’ಗಳ ಅಂಚು ಇರುವುದು ಹೆಚ್ಚುಕಡಿಮೆ ಆ ಎತ್ತರದಲ್ಲೇ. ಒಮ್ಮೆ ಹೋದದ್ದು ಮರಳುವುದಿಲ್ಲ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದು ಎಂಬುದು ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಬಂದರೆ ಬರೀ 15 ನಿಮಿಷ. ಸಂಗೀತದ ತಾಣಗಳಲ್ಲಿ ಸರಾಸರಿ 100 ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಹೊರಡಿಸಿದೆ. ಆದ್ದರಿಂದ ಮಕ್ಕಳೇ, ಟಿಕೆಟ್ಟಿಗೆ ಸಾವಿರಗಟ್ಟಲೆ ಕೊಡುವವರು ಕಿವಿಗೆ ಇಡುವ ಮೆತ್ತನೆಯ ಬಿರಡೆಯನ್ನೂ ಜೇಬಿನಲ್ಲಿ ಇಟ್ಟುಕೊಳ್ಳಿ. ಹಾಡು ಕೇಳದೆ ಹೋಗುವುದಿಲ್ಲ, ಮುಂದಿನ ಮೂವತ್ತು ವರ್ಷವೂ ಕೇಳಿಸುತ್ತದೆ.

ಜನ ಸೇರುವ ಕಡೆ ಬಾಗಿಲು ಎಲ್ಲಿವೆ ಎಂದು ಮೊದಲು ನೋಡಿಕೊಳ್ಳುವುದನ್ನೂ ಕಲಿತಿದ್ದೇನೆ. ಮೆಟಾಲಿಕಾ ಬೆಂಗಳೂರಿಗೆ ಬರುವ ಎರಡು ದಿನ ಮೊದಲು, 2011ರ ಅಕ್ಟೋಬರ್ 28ರಂದು, ಗುರ್ಗಾಂವ್‌ನಲ್ಲಿ ಅವರ ಕಾರ್ಯಕ್ರಮ ರದ್ದಾಗಿ ಜನ ವೇದಿಕೆಗೇ ನುಗ್ಗಿದ್ದರು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸಂಭ್ರಮಕ್ಕೆಂದು ಹೋದ ಹನ್ನೊಂದು ಜನ ಮನೆಗೆ ಮರಳಲಿಲ್ಲ. ಒಂದು ಚದರ ಮೀಟರಿನಲ್ಲಿ ಐದಕ್ಕಿಂತ ಹೆಚ್ಚು ಜನ ನಿಂತರೆ ನಮ್ಮ ಕಾಲು ನಮ್ಮ ಮಾತು ಕೇಳುವುದಿಲ್ಲ, ಗುಂಪು ನೀರಿನಂತೆ ತಳ್ಳುತ್ತದೆ. ಕೈ ಎತ್ತಲು ಜಾಗವಿಲ್ಲ ಅನ್ನಿಸಿದ ಕ್ಷಣ ಪಕ್ಕಕ್ಕೆ ಸರಿದು ಹೊರಬನ್ನಿ, ನೆಚ್ಚಿನ ಹಾಡೇ ಬರುತ್ತಿರಲಿ.

ರಾಕ್ ನಮ್ಮದಲ್ಲ, ಹಾಗೆ ಕಿರುಚಿ ಹಾಡುವುದು ನಮ್ಮ ಪದ್ಧತಿಯಲ್ಲ ಎನ್ನುವ ಹಿರಿಯರಿದ್ದಾರೆ. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್ ಗಣಪತಿ ಪೆಂಡಾಲಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾ ಮೌನವಾಗಿ ಕಛೇರಿ ಕೇಳುವವರ ಸಾಲಿನಲ್ಲಿ ನಾನೂ ಕೂತವನೇ. ಆ ಮೌನದ ಮೇಲೆ ನನಗೆ ಗೌರವ ಇದೆ. ಆದರೆ ಒಬ್ಬ ಎತ್ತಿಕೊಟ್ಟ ಪಲ್ಲವಿಯನ್ನು ಊರೆಲ್ಲ ಹಿಡಿಯುವುದೂ ನಮ್ಮದೇ. ಭಜನೆಯ ಮನೆಗಳಲ್ಲಿ, ತತ್ವಪದದ ರಾತ್ರಿಗಳಲ್ಲಿ ಆಗುವುದು ಅದೇ. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತು, ಅಂತರಾಗ್ನಿ ತಂಡ ಕಟ್ಟಿದ ರಘು ದೀಕ್ಷಿತ್ ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಶಿಶುನಾಳ ಷರೀಫರನ್ನು ಹಾಡಿದಾಗ ಕಾಲೇಜು ಮಕ್ಕಳು ಸಾಲುಗಳನ್ನು ಬಾಯಿಪಾಠ ಹೇಳುವುದನ್ನು ನಾನು ನೋಡಿದ್ದೇನೆ. 2011ರಲ್ಲಿ ಅವರು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ಬಯಲಿಗೂ ಆ ಹಾಡುಗಾರಿಕೆಯನ್ನು ಒಯ್ದರು.

ಮೇಡನ್ ರಾತ್ರಿಯ ಕೊನೆ ಇನ್ನೂ ನೆನಪಿದೆ. ಮೆಜೆಸ್ಟಿಕ್ಕಿಗೆ ನಡೆದು ಬಂದಾಗ ಅಂಗಡಿಯೊಂದರ ಟೀವಿ ಮುಂದೆ ಗುಂಪು. ವಿಶ್ವಕಪ್‌ನಲ್ಲಿ ಭಾರತ ಬಾಂಗ್ಲಾದೇಶದ ಎದುರು 191ಕ್ಕೆ ಆಲೌಟ್ ಆಗಿತ್ತು. ನಾವು ಮೈಸೂರು ಬಸ್ಸು ಹತ್ತಿದೆವು. ಚನ್ನಪಟ್ಟಣ ದಾಟಿದ ಮೇಲೆ ಹಿಂದಿನ ಸೀಟಿನಲ್ಲಿ ಯಾರೋ ಆ ಗಿಟಾರ್ ರಾಗ ಎತ್ತಿದರು, ನಾವು ಹಿಡಿದೆವು. ನಿರ್ವಾಹಕರು ಬೈಯಲಿಲ್ಲ, ಲೈಟು ಆರಿಸಿದರು. ಸಬರ್ಬ್ ಬಸ್ ನಿಲ್ದಾಣದಲ್ಲಿ ಆಟೋದವರು ಸಪ್ಪೆ ಮುಖ ಮಾಡಿ, ಐದು ವಿಕೆಟ್‌ನಿಂದ ಸೋತೆವು ಎಂದರು. ಬೋಗಾದಿಗೆ ಬರುವವರೆಗೂ ಅವರು ಮ್ಯಾಚಿನ ಬಗ್ಗೆಯೇ ಮಾತಾಡಿದರು, ನಾನು ಹೂಂಗುಟ್ಟುತ್ತಾ ಆ ಸ್ವರವನ್ನು ಜೋಪಾನವಾಗಿ ಹಿಡಿದುಕೊಂಡು ಬಂದೆ.

ಮೊನ್ನೆ ತಾರಸಿಯಲ್ಲಿ ನಾನು ಗಂಗೋತ್ರಿಯ ಸದ್ದು ಕೇಳುತ್ತಿದ್ದಾಗ ಅಕ್ಕನ ಮಗಳು ಮೇಲೆ ಬಂದಳು. ಫೋನಿನಲ್ಲಿ ಜಾಗ ತುಂಬಿದೆ, ಅಳಿಸಬೇಕು, ಅಹಮದಾಬಾದಿನದ್ದು ಒಂದು ಸಲ ಕೇಳಿ ಅಂದಳು. ಕೇಳಿದೆ. ಮಾರ್ಟಿನ್ನನ ದನಿ ಇಲ್ಲವೇ ಇಲ್ಲ. ಹತ್ತಿರದಲ್ಲಿ ಅವಳದೇ ಗಂಟಲು, ಶ್ರುತಿಗೆ ಸ್ವಲ್ಪ ಕೆಳಗೆ, ಎರಡು ಕಡೆ ಒಡೆಯುತ್ತದೆ. ಪಕ್ಕದಲ್ಲಿ ಇನ್ನೊಂದು ಹೆಣ್ಣು ದನಿ, ಅವಳಿಗಿಂತ ಗಟ್ಟಿ.

“ಇದು ಯಾರು?”

“ಗೊತ್ತಿಲ್ಲ ಮಾಮ. ಭುಜದ ಮೇಲೆ ಕೈ ಹಾಕಿದ್ಲು. ಹೆಸರು ಕೇಳ್ಲಿಲ್ಲ.”

ಇನ್ನೊಂದು ಸಲ ಹಾಕು ಅಂದೆ. ಅವರಿಬ್ಬರ ಹಿಂದೆ, ಅರೆಕ್ಷಣ ತಡವಾಗಿ, ಇಡೀ ಕ್ರೀಡಾಂಗಣ ಅದೇ ಸಾಲು ಹಾಡುತ್ತಾ ಬರುತ್ತದೆ. ಅವಳು ಅದನ್ನು ಬಿಟ್ಟು ಊಟದ ಫೋಟೋಗಳನ್ನು ಅಳಿಸತೊಡಗಿದಳು.