ಗಡಿಗಿಯೊಳಗಿನ ಗುಮ್

ನಮ್ಮ ಕೊಪ್ಪಳ ಸೀಮೆಯಲ್ಲಿ ಒಳ್ಳೆ ಸೌಂಡು ಅಂದ್ರೆ ಎದಿಗೆ ಗುದ್ದಬೇಕು. ಟ್ರ್ಯಾಕ್ಟರ್ ಮೇಲಿನ ಡಿಜೆ ಓಣಿ ದಾಟುವಾಗ ತಗಡಿನ ಶೆಡ್ಡು ನಡುಗಬೇಕು, ಕಪಾಟಿನ ಗಾಜು ಗಡಗಡ ಅನ್ನಬೇಕು. ಇದೇ ಅಳತೆಗೋಲನ್ನು ನಾವು ಬೆಂಗಳೂರಿನ ಟೂ ಬಿಎಚ್‌ಕೆಗೂ ಹೊತ್ತು ತಂದಿದ್ದೇವೆ. ಬೋನಸ್ ಬಂದ ತಿಂಗಳು ಮನೆಯ ಸ್ಟೀರಿಯೊ ಬದಲಿಸಲು ಹೊರಡುವ ಗೆಳೆಯರು ಕೇಳುವ ಮೊದಲ ಪ್ರಶ್ನೆ, "ಬಾಸ್ ಹೆಂಗೈತಿ?" ಕೇಳಬೇಕಾದ ಮೊದಲ ಪ್ರಶ್ನೆ ಬೇರೆ ಐತಿ ಅನ್ನೋದು ನನ್ನ ತಕರಾರು.

ಈ ರುಚಿಗೊಂದು ಇತಿಹಾಸ ಉಂಟು. ಹಳ್ಳಿಯಲ್ಲಿ ಬೆಳೆದವರಿಗೆ 4440 ಬೋರ್ಡು ಗೊತ್ತಿರುತ್ತದೆ. ಸ್ಯಾನ್ಯೊದ ಎಲ್‌ಎ4440 ಎಂಬ ಐಸಿ, 12 ವೋಲ್ಟ್ ಬ್ಯಾಟರಿಗೆ ಹಚ್ಚಿದರೆ ನಡೆಯುತ್ತಿತ್ತು. ಎರಡು ಚಾನಲ್‌ಗೆ ತಲಾ 6 ವ್ಯಾಟ್, ಎರಡನ್ನೂ ಒಂದು ಮಾಡಿದರೆ 19 ವ್ಯಾಟ್. ಅಷ್ಟೇ ಅದರ ಶಕ್ತಿ. ಸ್ಪೀಕರ್‌ಗೆ ಡಬ್ಬಿ ಇಲ್ಲದವರು ಅದನ್ನು ಮಣ್ಣಿನ ಗಡಿಗಿಯ ಬಾಯಿಗೆ ಕೂರಿಸುತ್ತಿದ್ದರು. ಒಮ್ಮೆಲೆ ಗುಮ್ ಅಂತ ಏಳುತ್ತಿತ್ತು. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಒಂದೇ ಸ್ವರ ಬರುತ್ತದಲ್ಲ, ಗಡಿಗಿಯ ಕೆಲಸವೂ ಅದೇ. ತನ್ನ ಗಾತ್ರಕ್ಕೆ ತಕ್ಕ ಒಂದು ಸ್ವರವನ್ನು ಹಿಡಿದು ಅದನ್ನಷ್ಟೇ ಎತ್ತಿ ಕೊಡುತ್ತದೆ. ಹಾಡು ಯಾವುದಾದರೂ ಇರಲಿ, ಗಡಿಗಿ ತನ್ನ ರಾಗ ತಾನು ಹಾಡುತ್ತದೆ.

ಬಡತನದಲ್ಲಿ ಅದು ಜಾಣತನ. ಆದರೆ ಇವತ್ತು ಸಾವಿರಾರು ವ್ಯಾಟ್ ಪಿಎಂಪಿಒ ಅಂತ ಅಚ್ಚು ಹೊಡೆದ ಅಗ್ಗದ 5.1 ಸೆಟ್ಟುಗಳಲ್ಲಿ ಬಹಳಷ್ಟು ಮಾರುವುದು ಅದೇ ಗಡಿಗಿಯನ್ನು. ತೆಳು ಹಲಗೆಯ ಡಬ್ಬಿ, ಅದಕ್ಕೊಂದು ತೂತು, ಒಂದು ನೀಲಿ ದೀಪ.

ಈ ಸೆಟ್ಟುಗಳ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ನಮ್ಮಪ್ಪನದು. ಎಪ್ಪತ್ತು ದಾಟಿದ ಮನುಷ್ಯ, ವಯಸ್ಸಿನಲ್ಲಿ ಭಜನಾ ಮೇಳದಲ್ಲಿ ತಾಳ ಹಿಡಿದವರು. ಊರ ಮನೆಯಲ್ಲಿ ತಮ್ಮ ಅಂಥದ್ದೊಂದು ಸೆಟ್ ತಂದು ತತ್ವಪದ ಹಚ್ಚಿದಾಗ ಅಂದರು: "ಪದ ತಿಳಿವಲ್ದೋ ತಮ್ಮಾ, ಬರೇ ಗುಮ್ ಅಂತೈತಿ." ಮನೆಯವರು, ಮುದುಕರ ಕಿವಿ ಮಂದಾತು ಅಂದುಕೊಂಡರು. ಅಪ್ಪನ ಮಾತು ಶುದ್ಧ ವಿಜ್ಞಾನ. ಮಂದ್ರದ ಜೋರು ಸದ್ದು ತನಗಿಂತ ಮೇಲಿನ ಸ್ವರಗಳನ್ನು ಮುಚ್ಚಿ ಹಾಕುತ್ತದೆ. ಮೇಲಿನ ಸ್ವರ ಮಂದ್ರವನ್ನು ಅಷ್ಟಾಗಿ ಮುಚ್ಚಲಾರದು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಮೇಲಿನದನ್ನೇ. ಸ, ತ, ಕ, ಶ ಎಂಬ ವ್ಯಂಜನಗಳ ಗುರುತು ಇರುವುದು ಅಲ್ಲಿ. ಅದು ಹೋದರೆ ಪದ ಹೋಯಿತು. ಪದ ಹೋದ ಮೇಲೆ ತತ್ವಪದದಲ್ಲಿ ಉಳಿಯುವುದು ಏನು?

ಹಾಗಾಗಿ ನನ್ನ ಮೊದಲ ಪ್ರಶ್ನೆ: ಮಾತು ತಿಳಿಯುತ್ತದೋ ಇಲ್ಲವೋ? ಇಲ್ಲಿ ಆ್ಯಕ್ಟಿವ್ ಸ್ಪೀಕರ್ ಗೆಲ್ಲುತ್ತದೆ. ಸಾಮಾನ್ಯ ಸ್ಪೀಕರ್‌ನಲ್ಲಿ ಆಂಪ್ಲಿಫೈಯರ್‌ನಿಂದ ದಪ್ಪಗಾಗಿ ಬಂದ ಕರೆಂಟನ್ನು ಡಬ್ಬಿಯೊಳಗೆ ಕಾಯಿಲ್, ಕೆಪಾಸಿಟರ್ ಹಾಕಿ ವೂಫರ್‌ಗೆ ಇಷ್ಟು, ಟ್ವೀಟರ್‌ಗೆ ಇಷ್ಟು ಅಂತ ಹಂಚುತ್ತಾರೆ. ಆ್ಯಕ್ಟಿವ್‌ನಲ್ಲಿ ಸಿಗ್ನಲ್ ಸಣ್ಣದಿರುವಾಗಲೇ ಹಂಚಿ, ಒಂದೊಂದಕ್ಕೂ ಅದರದೇ ಆಂಪ್ಲಿಫೈಯರ್ ಕೊಡುತ್ತಾರೆ. ಯಾವ ಆಂಪ್ಲಿಫೈಯರ್‌ಗೆ ಯಾವ ಸ್ಪೀಕರ್ ಜೋಡಿ ಎಂಬ ಜಾತಕ ನೋಡುವ ಕೆಲಸ ಉಳಿಯುತ್ತದೆ. ಫಿನ್ಲೆಂಡಿನ ಜೆನೆಲೆಕ್ 1978ರಿಂದ ಇದನ್ನೇ ಮಾಡುತ್ತಿದೆ. ನಮ್ಮ ಕೊಲ್ಕತ್ತಾದ ಸೋನೋಡೈನ್ ಕೂಡ ಸ್ಟುಡಿಯೊ ಮಾನಿಟರ್‌ಗಳನ್ನು ತಯಾರಿಸುತ್ತದೆ. ಕೊಳ್ಳುವಾಗ ಒಂದು ಎಚ್ಚರ: ಒಂದೇ ಡಬ್ಬಿಯಲ್ಲಿ ಆಂಪ್ಲಿಫೈಯರ್ ಇಟ್ಟು, ಇನ್ನೊಂದಕ್ಕೆ ಬರೀ ವೈರ್ ಎಳೆದಿದ್ದರೆ ಅದು ಸಾಮಾನ್ಯವಾಗಿ ಪವರ್ಡ್ ಸ್ಪೀಕರ್ ಅಷ್ಟೇ, ನಿಜವಾದ ಆ್ಯಕ್ಟಿವ್ ಅಲ್ಲ.

ಡಬ್ಬಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡ್ರಿ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಗೊಂಬೆ ಮಾಡಲು ಹಗುರ ಮರವನ್ನೇ ಆರಿಸುತ್ತಾರೆ. ಸ್ಪೀಕರ್‌ಗೆ ಬೇಕಾದದ್ದು ಅದರ ತದ್ವಿರುದ್ಧ: ಭಾರವಾದ, ಮೊಂಡು ಹಲಗೆ. ತಂಬೂರಿಯ ಬುರುಡೆ ಝೇಂಕರಿಸಬೇಕು, ಸ್ಪೀಕರ್ ಡಬ್ಬಿ ಬಾಯಿ ಮುಚ್ಚಿಕೊಂಡಿರಬೇಕು.

ಹಂಗಾದ್ರೆ ಸಬ್‌ವೂಫರ್ ಬ್ಯಾಡೇನು? ಲೆಕ್ಕ ಹಾಕೋಣ. ಹಾರ್ಮೋನಿಯಂನ ಕರಿ ಒಂದನ್ನು ಷಡ್ಜವಾಗಿ ಇಟ್ಟುಕೊಂಡು ಹಾಡುವ ಗಂಡು ದನಿಗೆ ಆ ಷಡ್ಜ ಸುಮಾರು 139 ಹರ್ಟ್ಜ್. ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಸುಮಾರು 69. ನಾಲ್ಕಿಂಚಿನ ಸಣ್ಣ ಸ್ಪೀಕರ್ ದಣಿಯುವುದು ಹೆಚ್ಚುಕಡಿಮೆ ಅಲ್ಲಿಯೇ. ಆದರೂ ಮೊಬೈಲಿನಲ್ಲಿ ಕೇಳಿದಾಗಲೂ ಖರ್ಜ ಇದೆ ಅನ್ನಿಸುತ್ತದೆ, ಯಾಕೆಂದರೆ ಮೇಲಿನ ಉಪಸ್ವರಗಳನ್ನು ಕೇಳಿ ಮಿದುಳೇ ಮೂಲ ಸ್ವರವನ್ನು ಊಹಿಸಿಕೊಳ್ಳುತ್ತದೆ. ಸಬ್‌ವೂಫರ್ ಕೊಡುವುದು ಆ ಊಹೆಗೆ ಮೈ. ತಬಲಾದವರು ಡಗ್ಗದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಏಳುವ ಗುಂಯ್ ಕೋಣೆಯಲ್ಲೇ ಹುಟ್ಟಿದಂತೆ ಕೇಳುವುದು ಆಗ. ಬೇಕು ಅನ್ನಲು ಇಷ್ಟು ಕಾರಣ ಸಾಕು.

ಆದರೆ ಕೋಣೆ ಸುಮ್ಮನೆ ಬಿಡುವುದಿಲ್ಲ. 10 ಅಡಿಗೆ 12 ಅಡಿ ಕೋಣೆ, 10 ಅಡಿ ಎತ್ತರ ಅಂತ ಇಟ್ಟುಕೊಳ್ಳಿ. ಉದ್ದಕ್ಕೆ ಸುಮಾರು 47 ಹರ್ಟ್ಜ್, ಅಗಲಕ್ಕೆ 56, ಎತ್ತರಕ್ಕೂ 56. ಈ ಸ್ವರಗಳು ಗೋಡೆಯಿಂದ ಗೋಡೆಗೆ ಬಡಿದು ನಿಂತುಬಿಡುತ್ತವೆ. ಗೋಡೆಗೆ ಒರಗಿ ಕೂತವನಿಗೆ ಬರೀ ಗುಮ್, ನಟ್ಟನಡುವೆ ಕೂತವನಿಗೆ ಏನೂ ಇಲ್ಲ. ಅಂದರೆ ಆರ್‌ಸಿಸಿ ಕೋಣೆಯೇ ಒಂದು ದೊಡ್ಡ ಗಡಿಗಿ. ನಮ್ಮ ಯಲಬುರ್ಗಾ, ಕುಷ್ಟಗಿ ಕಡೆ ಹತ್ತಿ ಬಿಡಿಸಿ ಮನೆಯೊಳಗೆ ಒಟ್ಟಿದ ದಿನಗಳಲ್ಲಿ ಮಾತಿನ ಸದ್ದೇ ಬದಲಾಗುತ್ತದೆ, ಗಮನಿಸಿದ್ದೀರಾ? ಅಷ್ಟು ದಪ್ಪದ ಹತ್ತಿ ಮಂದ್ರವನ್ನೂ ಒಂದಿಷ್ಟು ನುಂಗುತ್ತದೆ. ಗೋಡೆಗೆ ಕೌದಿ ತೂಗುಹಾಕಿದರೆ ಮಾತಿನ ಮರುದನಿ ತಗ್ಗುತ್ತದೆ, ಆದರೆ ಗುಮ್ ತಗ್ಗುವುದಿಲ್ಲ. ಅದಕ್ಕೆ ಜಾಗ ಬದಲಿಸುವುದೇ ಮದ್ದು.

ಸಬ್‌ವೂಫರನ್ನು ನೀವು ಕೂರುವ ಕುರ್ಚಿಯ ಮೇಲೆ ಇಟ್ಟು, ಹಾಡು ಹಚ್ಚಿ, ಗೋಡೆಗುಂಟ ಅಂಬೆಗಾಲಲ್ಲಿ ತಿರುಗಿ. ಎಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಸಮನಾಗಿ ಕೇಳುತ್ತದೋ ಅಲ್ಲಿ ಅದನ್ನು ಇಡಿ. ನಾನು ಹಿಂಗ ತಿರುಗುವಾಗ ಅವ್ವ, "ಏನ್ ಕಳಕೊಂಡಿಯೋ ಯಪ್ಪಾ?" ಅಂತ ಬ್ಯಾಟರಿ ತಂದಳು. ಇನ್ನು ಹಂಚಿಕೆ 80 ಹರ್ಟ್ಜ್‌ಗೆ ಇರಲಿ. ಟಾಮ್ಲಿನ್ಸನ್ ಹೋಲ್ಮನ್ ಅವರು ಟಿಎಚ್‌ಎಕ್ಸ್‌ಗಾಗಿ ನಿಗದಿ ಮಾಡಿದ ಗಡಿ ಅದು. ಅದರ ಕೆಳಗೆ ಸದ್ದು ಯಾವ ಮೂಲೆಯಿಂದ ಬಂತು ಅಂತ ಕಿವಿಗೆ ಸುಲಭಕ್ಕೆ ತಿಳಿಯುವುದಿಲ್ಲ. ದುಡ್ಡಿದ್ದರೆ ದೊಡ್ಡದೊಂದರ ಬದಲು ಸಣ್ಣವೆರಡು ತಗೊಳ್ರಿ. ಎದುರುಬದುರು ಗೋಡೆಗಳ ನಡುವೆ ಒಂದೊಂದು ಇಟ್ಟರೆ ಏರಿಳಿತ ಕಡಿಮೆಯಾಗುತ್ತದೆಂದು ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲೇ ತೋರಿಸಿದ್ದಾರೆ. ಕೊನೆಗೆ ಸಬ್‌ವೂಫರ್ ಇದೆ ಅನ್ನುವುದೇ ಮರೆಯುವಷ್ಟು ವಾಲ್ಯೂಮ್ ಇಳಿಸಿ. ಸಾರಿನ ಉಪ್ಪಿನಂತೆ, ಇಲ್ಲದಾಗ ಮಾತ್ರ ಗೊತ್ತಾಗಬೇಕು.

ಪರೀಕ್ಷೆಗೆ ನನ್ನವು ಮೂರು. ಗಂಗಾವತಿ ಪ್ರಾಣೇಶರ ಭಾಷಣ: ಜನ ನಗುವ ಗದ್ದಲದೊಳಗೂ ಅವರ ಮುಂದಿನ ಮಾತು ತಪ್ಪಬಾರದು. ಮಲ್ಲಿಕಾರ್ಜುನ ಮನ್ಸೂರರ ಖಯಾಲು: ತಾನಿನ ಸ್ವರಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಬಾರದು. ಮೂರನೆಯದು 1987ರ 'ಪ್ರೇಮಲೋಕ': ಹಂಸಲೇಖರ ಬಾಸ್ ಸ್ವರಗಳು ಏರಿ ಇಳಿಯುವುದು ಕೇಳಬೇಕು. ಎಲ್ಲ ಒಂದೇ ಗುಮ್ ಆಗಿದ್ದರೆ ನೀವು ತಂದದ್ದು ಗಡಿಗಿ.

ನೆರೆಯವರ ಮಾತೂ ಉಂಟು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆದರೆ ಅಳೆಯುವುದು 'ಎ' ತೂಕದಲ್ಲಿ. ಆ ಲೆಕ್ಕ 50 ಹರ್ಟ್ಜ್ ಸದ್ದಿಗೆ ಸುಮಾರು 30 ಡೆಸಿಬೆಲ್ ಮಾಫಿ ಮಾಡಿಬಿಡುತ್ತದೆ. ಮೀಟರು ಸುಮ್ಮನಿರುತ್ತದೆ, ಕೆಳಗಿನ ಮನೆಯ ಕೂಸು ಎದ್ದು ಕೂರುತ್ತದೆ. ಗೋಡೆ ದಾಟುವುದರಲ್ಲಿ ಮಂದ್ರವೇ ಮುಂದು. ನಮ್ಮೂರ ಡಿಜೆ ಬಗ್ಗೆ ಬೈಯುವ ನಾವು ಅಪಾರ್ಟ್‌ಮೆಂಟಿನಲ್ಲಿ ಅದನ್ನೇ ಸಣ್ಣದಾಗಿ ಮಾಡಬಾರದು.

ಊರ ಮನೆಗೆ ಕೊಳ್ಳುವವರು ಮೊದಲು ಅರ್ಥಿಂಗ್ ಮಾಡಿಸಿ. ಆ್ಯಕ್ಟಿವ್ ಸ್ಪೀಕರ್ ಒಂದೊಂದಕ್ಕೂ ಕರೆಂಟು ಬೇಕು, ನೆಲದ ಸಂಪರ್ಕ ಸರಿ ಇಲ್ಲದಿದ್ದರೆ ಗುಂಯ್‌ಗುಡುತ್ತವೆ. ಚೌಕ ಅಲೆಯ ಅಗ್ಗದ ಇನ್‌ವರ್ಟರಿನಲ್ಲೂ ಅದೇ ಗೋಳು. ಆಮೇಲೆ ಒಂದು ಜೋಡಿ ಸ್ಪೀಕರ್ ತಂದು ಆರು ತಿಂಗಳು ಕೇಳಿ. ಸಬ್‌ವೂಫರ್ ಬೇಕೋ ಬೇಡವೋ ಅನ್ನುವುದು ಅಷ್ಟರಲ್ಲಿ ತಿಳಿದಿರುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಬಾಸ್ ಎಷ್ಟಿರಬೇಕು ಅನ್ನುವುದನ್ನು ಅವರಿಗೇ ಬಿಡಿ. ಪದ ತಿಳೀತು ಅಂತ ಅವರು ತಲೆ ಆಡಿಸುವ ತನಕ ಗುಂಡಿ ಕೆಳಗೆ ತಿರುಗಿಸುತ್ತಾ ಹೋಗಿ.