ಮೀಟರ್ ಸರಿ ಎಂದರೆ ಟ್ರಾನ್ಸ್‌ಫಾರ್ಮರ್ ಸರಿಯೇ?

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ, ಮುಂಡಗೋಡದ ದಾರಿ ಕವಲೊಡೆಯುವಲ್ಲಿ ತಡಸ ಸಿಗುತ್ತದೆ. ಟ್ರಾನ್ಸಿಸ್ಟರ್ ಬಳಕೆಗೆ ಬರುವ ಮೊದಲು ಇಂತಹ ಊರುಗಳ ಜಾತ್ರೆ, ದೊಡ್ಡಾಟ, ನಾಟಕಗಳ ಮೈಕ್‌ಸೆಟ್ ಎಂದರೆ ವಾಲ್ವ್ ಆಂಪ್ಲಿಫೈಯರ್. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. ಆ ಕಾಲದ ಒಂದು ಆಂಪ್ಲಿಫೈಯರ್ ನಿಮ್ಮ ಶಾಲೆಯ ಅಟ್ಟದಲ್ಲಿ ಇದೆ ಎಂದಿಟ್ಟುಕೊಳ್ಳಿ. ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಅದನ್ನು ಕೆಳಗಿಳಿಸುತ್ತೀರಿ. ವಾಲ್ವ್‌ಗಳು ಕೆಂಪಗೆ ಬೆಳಗುತ್ತವೆ. ಆದರೆ ದನಿ ಕ್ಷೀಣ, ಒಡಕು.

ರಿಪೇರಿಯವರು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಮಲ್ಟಿಮೀಟರ್ ಹಚ್ಚಿ ಎರಡರಲ್ಲೊಂದು ತೀರ್ಪು ಕೊಡುತ್ತಾರೆ. ಮುಳ್ಳು ಅಲುಗಿದರೆ 'ಇದು ಸರಿ ಇದೆ'. ಪ್ರಾಥಮಿಕ ಸುರುಳಿಯ ಎರಡು ಅರ್ಧಗಳ ಓಮ್ ಬೇರೆ ಬೇರೆ ಬಂದರೆ 'ಇದು ಹೋಗಿದೆ'. ಎರಡೂ ತೀರ್ಪು ತಪ್ಪಾಗಿರಬಹುದು. ಹೇಗೆಂದು ನೋಡೋಣ. ಆ ಪರೀಕ್ಷೆಯನ್ನು ನಾವು ನಂಬುವಂತೆ ಮಾಡಿದ ಪಾಠವನ್ನೂ ಸ್ವಲ್ಪ ಪ್ರಶ್ನಿಸೋಣ.

ಮೊದಲು ಈ ಟ್ರಾನ್ಸ್‌ಫಾರ್ಮರಿನ ಕೆಲಸವೇನು? ವಾಲ್ವ್ ದುಡಿಯುವುದು ಹೆಚ್ಚು ವೋಲ್ಟೇಜ್, ಕಡಿಮೆ ಪ್ರವಾಹದಲ್ಲಿ. ಸ್ಪೀಕರಿಗೆ ಬೇಕಾದದ್ದು ಕಡಿಮೆ ವೋಲ್ಟೇಜ್, ಹೆಚ್ಚು ಪ್ರವಾಹ. 300 ವೋಲ್ಟಿನಲ್ಲಿ ಜೋಡಿಯಾಗಿ ದುಡಿಯುವ ಎರಡು ಇಎಲ್ 84 ವಾಲ್ವ್‌ಗಳು ಸುಮಾರು 8000 ಓಮ್ ಹೊರೆಯನ್ನು ಬಯಸುತ್ತವೆ. ಸ್ಪೀಕರ್ ಇರುವುದು 8 ಓಮ್. ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಸುತ್ತುಗಳ ಅನುಪಾತದಂತೆ ಬದಲಾದರೆ ಪ್ರವಾಹ ಅದರ ವಿಲೋಮದಲ್ಲಿ ಬದಲಾಗುತ್ತದೆ. ಆದ್ದರಿಂದ ಇವೆರಡರ ಭಾಗಲಬ್ಧವಾದ ಇಂಪಿಡೆನ್ಸ್ ಅನುಪಾತದ ವರ್ಗದಂತೆ ಬದಲಾಗುತ್ತದೆ. 8000ವನ್ನು 8ರಿಂದ ಭಾಗಿಸಿದರೆ 1000. ಅದರ ವರ್ಗಮೂಲ 31.6. ಪ್ರಾಥಮಿಕ ಸುರುಳಿಯಲ್ಲಿ 3000 ಸುತ್ತುಗಳಿದ್ದರೆ ದ್ವಿತೀಯಕದಲ್ಲಿ ಸುಮಾರು 95 ಸಾಕು.

ಇನ್ನು ಪಾಠದ ವಿಷಯ. ದ್ವಿತೀಯ ಪಿಯುಸಿಯಲ್ಲಿ ಓದುವ ಎನ್‌ಸಿಇಆರ್‌ಟಿ ಭೌತಶಾಸ್ತ್ರ ಪುಸ್ತಕದಲ್ಲಿ ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಮತ್ತು ಪ್ರವಾಹಗಳ ಸೂತ್ರಗಳಿವೆ. ಫ್ಲಕ್ಸ್ ಸೋರಿಕೆ, ಸುರುಳಿಯ ರೋಧ, ಸುಳಿ ಪ್ರವಾಹ, ಹಿಸ್ಟೆರಿಸಿಸ್ ಎಂಬ ನಾಲ್ಕು ನಷ್ಟಗಳನ್ನು ಅಚ್ಚುಕಟ್ಟಾಗಿ ವಿವರಿಸಿದೆ. ಅದೇ ಅಧ್ಯಾಯದಲ್ಲಿ ಇಂಪಿಡೆನ್ಸ್ ಎಂದರೇನೆಂಬುದೂ ಇದೆ. ಇಲ್ಲದಿರುವುದು ಈ ಎರಡನ್ನೂ ಬೆಸೆಯುವ ಒಂದು ಸಾಲು. ವಿದ್ಯುತ್ ಸಾಗಣೆಯ ಉದಾಹರಣೆಗೇ ಪಾಠ ನಿಂತುಬಿಡುವುದರಿಂದ, ಟ್ರಾನ್ಸ್‌ಫಾರ್ಮರ್ ಎಂದರೆ ವೋಲ್ಟೇಜ್ ಏರಿಸುವ, ಇಳಿಸುವ ಪೆಟ್ಟಿಗೆ ಎಂಬ ಕಲ್ಪನೆ ವಿದ್ಯಾರ್ಥಿಯಲ್ಲಿ ಉಳಿಯುತ್ತದೆ. ಪೆಟ್ಟಿಗೆ ಕೆಟ್ಟಿದೆಯೇ ಎಂದು ಕೇಳಿದಾಗ ಅವನ ಕೈ ಓಮ್ ಮೀಟರಿನತ್ತಲೇ ಹೋಗುತ್ತದೆ.

ಓಮ್ ಮೀಟರ್ ಎಷ್ಟು ಕುರುಡು ಎಂಬುದನ್ನು ಲೆಕ್ಕ ಹಾಕಿ ನೋಡೋಣ. 3000 ಸುತ್ತಿನ ಪ್ರಾಥಮಿಕದ ರೋಧ 200 ಓಮ್ ಎನ್ನಿ. ನಿರೋಧಕ ಕಾಗದ ಹಾಳಾಗಿ ಎರಡು ಪದರಗಳ ನಡುವೆ 100 ಸುತ್ತುಗಳು ಷಾರ್ಟ್ ಆಗಿವೆ. ಆ 100 ಸುತ್ತಿನ ರೋಧ 6.7 ಓಮ್. ಮೀಟರ್ ಈಗ 200ರ ಬದಲು 193 ಓಮ್ ತೋರಿಸುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡಾ 0.4ರಷ್ಟು ಬದಲಾಗುತ್ತದೆ. ಬೆಳಗ್ಗೆಗೂ ಮಧ್ಯಾಹ್ನಕ್ಕೂ 10 ಡಿಗ್ರಿ ವ್ಯತ್ಯಾಸವಿದ್ದರೆ ಅದೊಂದೇ 8 ಓಮ್! ದೋಷ ಬಿಸಿಲಿನಲ್ಲೇ ಮುಚ್ಚಿಹೋಯಿತು.

ಎಸಿಗೆ ಇದೇ ದೋಷ ಹೇಗೆ ಕಾಣುತ್ತದೆ? ಷಾರ್ಟ್ ಆದ 100 ಸುತ್ತು ಈಗ ಇನ್ನೊಂದು ದ್ವಿತೀಯಕ ಸುರುಳಿ. ಅದರ ಹೊರೆ 6.7 ಓಮ್. ಅನುಪಾತ 30, ಅದರ ವರ್ಗ 900. ಪ್ರಾಥಮಿಕದ ಕಡೆಯಿಂದ ನೋಡಿದರೆ ಅದು 6000 ಓಮ್. 8000 ಓಮ್ ಹೊರೆಯ ಪಕ್ಕದಲ್ಲಿ 6000 ಓಮ್ ಸಮಾಂತರವಾಗಿ ಕುಳಿತರೆ ವಾಲ್ವ್‌ಗಳಿಗೆ ಕಾಣುವುದು ಸುಮಾರು 3400 ಓಮ್ ಮಾತ್ರ. ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸ್ಪೀಕರಿಗೆ ಹೋಗದೆ ಸುರುಳಿಯನ್ನು ಬಿಸಿ ಮಾಡುತ್ತದೆ. ಮೀಟರಿಗೆ ಶೇಕಡಾ 3ರ ವ್ಯತ್ಯಾಸ. ಯಂತ್ರಕ್ಕೆ ಅದೇ ಮರಣ. 'ಒಂದು ಸುತ್ತು ಷಾರ್ಟ್ ಆದರೂ ಮುಗಿಯಿತು' ಎಂಬ ಮಾತೂ ಇದೇ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಪ್ರಾಥಮಿಕದ ಒಂದೇ ಸುತ್ತು ಷಾರ್ಟ್ ಆದರೆ ಕಾಣುವ ಹೊರೆ 6 ಲಕ್ಷ ಓಮ್. ಕಿವಿಗೆ ಅದು ಗೊತ್ತಾಗದು.

ಹಾಗಾದರೆ ಪರೀಕ್ಷೆ ಹೇಗೆ? ಮೊದಲು ಎಚ್ಚರಿಕೆ: ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ 300 ವೋಲ್ಟ್ ಉಳಿದಿರಬಹುದು. ಸೂಕ್ತ ರೋಧಕದ ಮೂಲಕ ಅದನ್ನು ಖಾಲಿ ಮಾಡಿ, ಮೀಟರಿನಿಂದ ಖಚಿತಪಡಿಸಿಕೊಂಡ ನಂತರವೇ ಕೈ ಹಾಕಬೇಕು. ಈ ಕೆಲಸ ಅಧ್ಯಾಪಕರದು, ವಿದ್ಯಾರ್ಥಿಗಳದಲ್ಲ. ನಂತರ ಟ್ರಾನ್ಸ್‌ಫಾರ್ಮರಿನ ಎಲ್ಲ ತಂತಿಗಳನ್ನೂ ಬಿಡಿಸಿಕೊಳ್ಳಿ.

ಮೊದಲ ಪರೀಕ್ಷೆ: ಪ್ರಯೋಗಶಾಲೆಯ 6 ವೋಲ್ಟ್ ಎಸಿಯನ್ನು ಇಡೀ ಪ್ರಾಥಮಿಕಕ್ಕೆ ಕೊಡಿ. ದ್ವಿತೀಯಕಕ್ಕೆ ಕೊಡಬೇಡಿ, ಹಾಗೆ ಮಾಡಿದರೆ ಪ್ರಾಥಮಿಕದಲ್ಲಿ ಸುಮಾರು 190 ವೋಲ್ಟ್ ಏಳುತ್ತದೆ. ನಮ್ಮ ಉದಾಹರಣೆಯ ದ್ವಿತೀಯಕದಲ್ಲಿ 0.19 ವೋಲ್ಟ್ ಬರಬೇಕು. ಈಗ ನಡುತಂತಿಯಿಂದ ಎರಡೂ ತುದಿಗಳಿಗೆ ವೋಲ್ಟೇಜ್ ಅಳೆಯಿರಿ. ಆರೋಗ್ಯವಂತ ಸುರುಳಿಯಲ್ಲಿ 3 ಮತ್ತು 3. ಒಂದು ಅರ್ಧದಲ್ಲಿ 100 ಸುತ್ತು ಷಾರ್ಟ್ ಆಗಿದ್ದರೆ 2.9 ಮತ್ತು 3.1. ಡಿಸಿ ರೋಧ ಮಾತ್ರ ಒಳ್ಳೆಯ ಟ್ರಾನ್ಸ್‌ಫಾರ್ಮರಿನಲ್ಲೂ ಅಸಮವಾಗಿರಬಹುದು. ಹೊರಪದರದ ಪ್ರತಿ ಸುತ್ತೂ ಒಳಪದರದ್ದಕ್ಕಿಂತ ಉದ್ದವಲ್ಲವೇ? ರೋಧದ ಅಸಮತೆ ದೋಷದ ಗುರುತಲ್ಲ. ವೋಲ್ಟೇಜಿನ ಅಸಮತೆ ದೋಷದ ಗುರುತು.

ಎರಡನೆಯ ಪರೀಕ್ಷೆ: ಆಡಿಯೋ ಆಸಿಲೇಟರಿನಿಂದ 400 ಹರ್ಟ್ಸ್‌ನ 6 ವೋಲ್ಟನ್ನು 1000 ಓಮ್ ರೋಧಕದ ಮೂಲಕ ಪ್ರಾಥಮಿಕಕ್ಕೆ ಕೊಡಿ. ದ್ವಿತೀಯಕ ತೆರೆದಿರಲಿ. ಪ್ರೇರಕತೆ 20 ಹೆನ್ರಿ ಇದ್ದರೆ ಸುರುಳಿ ಸುಮಾರು 50,000 ಓಮ್ ತಡೆ ಒಡ್ಡುತ್ತದೆ. ರೋಧಕದ ಮೇಲೆ ಕಾಣುವುದು 0.12 ವೋಲ್ಟಿನಷ್ಟು. ಮೇಲೆ ಹೇಳಿದ ದೋಷವಿದ್ದರೆ ಅದು 0.86 ವೋಲ್ಟಿಗೆ, ಅಂದರೆ ಏಳು ಪಟ್ಟಿಗೆ ಏರುತ್ತದೆ. ದ್ವಿತೀಯಕದಲ್ಲಿ ಷಾರ್ಟ್ ಇದ್ದರೂ ಈ ಪರೀಕ್ಷೆ ಹಿಡಿಯುತ್ತದೆ.

ಓಮ್ ಮೀಟರ್ ನಿರುಪಯೋಗಿ ಎಂದಲ್ಲ. ತಂತಿ ತುಂಡಾಗಿರುವುದನ್ನು ಅದು ಚೆನ್ನಾಗಿ ತೋರಿಸುತ್ತದೆ. ಪ್ರಾಥಮಿಕ ತುಂಡಾದರೆ ವಾಲ್ವಿನ ಆನೋಡಿಗೆ ವೋಲ್ಟೇಜ್ ತಪ್ಪಿ, ಪ್ರವಾಹವೆಲ್ಲ ಸ್ಕ್ರೀನ್ ಗ್ರಿಡ್‌ಗೆ ಹರಿದು ಅದು ಕೆಂಪಗೆ ಕಾಯುತ್ತದೆ. ಆದರೆ 'ತುಂಡಾಗಿಲ್ಲ' ಎಂಬ ಉತ್ತರವನ್ನು 'ಸರಿಯಾಗಿದೆ' ಎಂದು ಓದುವುದು ನಮ್ಮ ತಪ್ಪು.

ದೋಷ ಖಚಿತವಾದರೂ ಹೊಸದನ್ನು ಕೂಡಲೇ ಕೂರಿಸಬೇಡಿ. ಹಳೆಯದೇಕೆ ಸತ್ತಿತು ಎಂದು ಕೇಳಿ. ವಾಲ್ವಿನ ಗ್ರಿಡ್‌ಗೆ ಸಂಕೇತ ತರುವ ಕಂಡೆನ್ಸರ್ ಸೋರಿದರೆ ಗ್ರಿಡ್ ಧನವಾಗುತ್ತದೆ, ವಾಲ್ವ್ ಮಿತಿಮೀರಿ ಪ್ರವಾಹ ಎಳೆಯುತ್ತದೆ, ಸುರುಳಿ ಬೇಯುತ್ತದೆ. ಹಾರ್ನಿನ ತಂತಿ ಕಳಚಿದ್ದಾಗ ಆಂಪ್ಲಿಫೈಯರ್ ನಡೆಸಿದರೆ ಪ್ರಾಥಮಿಕದಲ್ಲಿ ಏಳುವ ಅತಿ ವೋಲ್ಟೇಜ್ ನಿರೋಧಕವನ್ನು ಸೀಳುತ್ತದೆ. ಕಾರಣ ಉಳಿದರೆ ಹೊಸ ಟ್ರಾನ್ಸ್‌ಫಾರ್ಮರಿಗೂ ಅದೇ ಗತಿ. ಹಣವೂ ಹೋಯಿತು, ಯಂತ್ರವೂ ಗುಜರಿಗೆ ಹೋಯಿತು.

ರಿಪೇರಿಯವರನ್ನು ದೂರುವುದು ಸುಲಭ. ಆದರೆ ಅವರಲ್ಲಿ ಎಷ್ಟೋ ಮಂದಿ ನಮ್ಮ ತರಗತಿಗಳಿಂದಲೇ ಹೋದವರು. ಎಸಿಯಲ್ಲಿ ದುಡಿಯುವ ವಸ್ತುವನ್ನು ಎಸಿಯಿಂದಲೇ ಪರೀಕ್ಷಿಸಬೇಕೆಂದು ನಾವು ಅವರಿಗೆ ತೋರಿಸಿದ್ದೆವೇ? ಮುಂದಿನ ಬಾರಿ ಟ್ರಾನ್ಸ್‌ಫಾರ್ಮರ್ ಪಾಠ ಮಾಡುವಾಗ ವರ್ಗದ ನಿಯಮವನ್ನು ಎರಡು ಸಾಲಿನಲ್ಲಿ ಸಾಧಿಸಿ ತೋರಿಸಿ. ಗುಜರಿಯಿಂದ ತಂದ ಒಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಮೇಜಿನ ಮೇಲಿಡಿ. ಅದು ಬದುಕಿದೆಯೇ ಸತ್ತಿದೆಯೇ ಎಂದು ವಿದ್ಯಾರ್ಥಿಗಳೇ 6 ವೋಲ್ಟಿನಲ್ಲಿ ಅಳೆದು ಹೇಳಲಿ.