ಮೂರು ಬಟನ್ ಸಾಕು

ಬಾಗಲಕೋಟೆ ಜಿಲ್ಲೆಯ ಕೇಬಲ್ ಮನೆಗಳಿಗೆ ಎರಡನೆಯ ರಿಮೋಟ್ ಬಂದದ್ದು ಯಾರೋ ಬಯಸಿ ಕೊಂಡು ತಂದದ್ದರಿಂದಲ್ಲ. ಕೇಬಲ್ ವೈರು ಕಿಟಕಿಯಿಂದ ಒಳಗೆ ಬಂದು ನೇರವಾಗಿ ಟಿ.ವಿ.ಯ ಬೆನ್ನಿಗೆ ಸೇರುತ್ತಿದ್ದ ಕಾಲದಲ್ಲಿ ಚಾನೆಲ್ ಬದಲಿಸುವುದೂ ಆವಾಜ ಏರಿಸುವುದೂ ಒಂದೇ ರಿಮೋಟಿನ ಕೆಲಸವಾಗಿತ್ತು. ಕೇಬಲ್ ಡಿಜಿಟಲೀಕರಣದ ಮೂರನೆಯ ಹಂತದಲ್ಲಿ ಪಟ್ಟಣಗಳಿಗೆ ಕೊಟ್ಟ ಗಡುವು 2015ರ ಡಿಸೆಂಬರ್ 31. ಹಳ್ಳಿಗಳ ಗಡುವು 2016ರ ಕೊನೆಯಿಂದ 2017ರ ಮಾರ್ಚಿಗೆ ಸರಿಯಿತು. ಆ ಹೊತ್ತಿನ ಆಸುಪಾಸಿನಲ್ಲಿ ಇಳಕಲ್, ಹುನಗುಂದ, ಬಾದಾಮಿಯ ಓಣಿಗಳಿಗೆ ಸೆಟ್‌ಟಾಪ್ ಬಾಕ್ಸ್ ಬಂತು, ಟಿ.ವಿ. ಹಚ್ಚಲು ಒಂದು ರಿಮೋಟ್, ಚಾನೆಲ್ಲಿಗೆ ಇನ್ನೊಂದು ಎಂಬ ಏರ್ಪಾಡೂ ಬಂತು. ಡಿಶ್ ಹಾಕಿಸಿಕೊಂಡ ಮನೆಗಳಿಗೆ ಇದು ಅದಕ್ಕೂ ಮೊದಲೇ ಗೊತ್ತಿತ್ತು. ಆಮೇಲೆ ಹೋಮ್ ಥಿಯೇಟರ್ ಬಂದರೆ ಮೂರನೆಯದು, ಸಿನಿಮಾ ನೋಡುವ ಸ್ಟಿಕ್ ಬಂದರೆ ನಾಲ್ಕನೆಯದು.

ಇಷ್ಟೆಲ್ಲದರ ಬದಲು ಒಂದೇ ಸಾಕು ಎಂದು ಹೇಳಿಕೊಂಡು ಬರುವುದು ಯುನಿವರ್ಸಲ್ ರಿಮೋಟ್. ನೂರಿನ್ನೂರು ರೂಪಾಯಿಗೆ ಅಂಗಡಿಯಲ್ಲಿ ತೂಗುಹಾಕಿರುತ್ತಾರೆ. ಅದನ್ನು ಅಳೆಯಲು ನಾನು ಇಟ್ಟುಕೊಂಡ ಅಳತೆ ಒಂದೇ: ಮನೆಯ ಹಿರಿಯ ಹೆಣ್ಣುಮಗಳು ಯಾರನ್ನೂ ಕರೆಯದೆ ತನಗೆ ಬೇಕಾದ ಧಾರಾವಾಹಿಯನ್ನು ತಾನೇ ಹಚ್ಚಿಕೊಂಡು, ಮುಗಿದ ಮೇಲೆ ತಾನೇ ಬಂದ್ ಮಾಡಬೇಕು. ಎಷ್ಟು ಸಾವಿರ ಮಾಡೆಲ್ಲುಗಳನ್ನು ನಡೆಸುತ್ತದೆ ಎಂಬ ಡಬ್ಬಿಯ ಮೇಲಿನ ಲೆಕ್ಕ ಈ ಅಳತೆಯ ಮುಂದೆ ನಿಲ್ಲುವುದಿಲ್ಲ.

ಒಳಗೆ ನಡೆಯುವುದು ಇಷ್ಟು. ರಿಮೋಟಿನ ಮೂತಿಯಲ್ಲಿರುವ ಪುಟ್ಟ ದೀಪ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿಡಿಸುತ್ತದೆ. ಬಿಸಿಲು ಮತ್ತು ಬಲ್ಬಿನ ಬೆಳಕಿನ ನಡುವೆ ತನ್ನ ಬೆಳಕನ್ನು ಟಿ.ವಿ. ಗುರುತಿಸಲಿ ಎಂದೇ ಈ ಮಿಡಿತ. ಅದರ ಮೇಲೆ ಸಂಕೇತ ಕೂತಿರುತ್ತದೆ. ಬಹಳ ಕಡೆ ಬಳಕೆಯಲ್ಲಿರುವ ಎನ್‌ಇಸಿ ಪದ್ಧತಿಯಲ್ಲಿ ಒಂದು ಬಟನ್ ಒತ್ತಿದರೆ 32 ಬಿಟ್ ಹೊರಡುತ್ತವೆ: ಅರ್ಧ ಯಾವ ಯಂತ್ರಕ್ಕೆ ಎಂದು ಹೇಳಲು, ಅರ್ಧ ಏನು ಮಾಡಬೇಕು ಎಂದು ಹೇಳಲು. ಸೋನಿಯ ಪದ್ಧತಿ ಬೇರೆ, ಫಿಲಿಪ್ಸಿನದು ಬೇರೆ. ಇವೆಲ್ಲವನ್ನೂ ಮೊದಲೇ ತುಂಬಿಕೊಂಡು ಬರುವುದು ಕೋಡಿನ ರಿಮೋಟ್. ಹಳೆಯ ರಿಮೋಟಿನ ಬೆಳಕನ್ನು ನೋಡಿ ಕಲಿತುಕೊಳ್ಳುವುದು ಲರ್ನಿಂಗ್ ರಿಮೋಟ್. ಆಪಲ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ 1987ರಲ್ಲಿ ಹೊರತಂದ 'ಕೋರ್' ಎಂಬ ರಿಮೋಟ್ ಈ ಎರಡನೆಯ ಜಾತಿಯದು.

ಕೋಡಿನ ರಿಮೋಟನ್ನು ನಾನು ಮೆಚ್ಚಲಾರೆ. ಜೊತೆಗೆ ಬರುವ ಚೀಟಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಕಂಪನಿಗಳ ಹೆಸರು, ಮುಂದೆ ಸಂಖ್ಯೆಗಳು. ದೊಡ್ಡ ಕಂಪನಿಯ ಟಿ.ವಿ. ಇದ್ದರೆ ಪಟ್ಟಿಯಲ್ಲಿ ಸಿಗುತ್ತದೆ. ಎಲ್ಲೋ ಜೋಡಿಸಿ ಯಾವುದೋ ಹೆಸರು ಅಂಟಿಸಿ ಮಾರಿದ ಅಗ್ಗದ ಎಲ್‌ಇಡಿ ಟಿ.ವಿ. ಇದ್ದರೆ ಸಿಗುವುದಿಲ್ಲ, ಬಟನ್ ಒತ್ತಿ ಹಿಡಿದು, ಒಂದೊಂದೇ ಕೋಡ್ ಓಡಿ, ಟಿ.ವಿ. ಆರಿದ ಕ್ಷಣಕ್ಕೆ ಬೆರಳು ತೆಗೆಯುವ ಹುಡುಕಾಟ ನಡೆಸಬೇಕು. ಅಂಗಡಿಯವರು "ಹಳೇ ರಿಮೋಟ ತಗೊಂಡ ಬರ್ರಿ, ಇಲ್ಲಂದ್ರ ಟಿ.ವಿ. ಹಿಂದಿನ ಚೀಟಿ ಫೋಟೋ ಹೊಡ್ಕೊಂಡ ಬರ್ರಿ" ಎನ್ನುವುದು ಇದೇ ಅನುಭವದಿಂದ. ಅವರ ಮಾತಿನಲ್ಲಿ ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಹೆಚ್ಚು ಪ್ರಾಮಾಣಿಕತೆ ಇದೆ.

ಕೋಡ್ ಸಿಕ್ಕ ಮೇಲೂ ಪವರ್ ಬಟನ್ನಿನ ಕಷ್ಟ ಉಳಿಯುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಹಚ್ಚುವುದಕ್ಕೂ ಆರಿಸುವುದಕ್ಕೂ ಸಂಕೇತ ಒಂದೇ: ಉರಿಯುತ್ತಿದ್ದರೆ ಆರು, ಆರಿದ್ದರೆ ಉರಿ. ರಿಮೋಟಿಗೆ ಯಂತ್ರದ ಸ್ಥಿತಿ ತಿಳಿಯುವುದಿಲ್ಲ. ಹೆಸ್ಕಾಂ ಕರೆಂಟು ಹೋಗಿ ಬಂದಾಗ ಬಾಕ್ಸ್ ತಾನಾಗಿಯೇ ಎದ್ದು ಕೂರುತ್ತದೆ, ಅನೇಕ ಟಿ.ವಿ.ಗಳು ಮಲಗಿಯೇ ಇರುತ್ತವೆ. ಎರಡಕ್ಕೂ ಸೇರಿ ಒಂದೇ ಪವರ್ ಬಟನ್ ಇಟ್ಟುಕೊಂಡವರು ಆಗ ಒತ್ತಿದರೆ ಟಿ.ವಿ. ಏಳುತ್ತದೆ, ಬಾಕ್ಸ್ ಮಲಗುತ್ತದೆ. ಇನ್ನೊಮ್ಮೆ ಒತ್ತಿದರೆ ಉಲ್ಟಾ. ಲಾಜಿಟೆಕ್ ಕಂಪನಿಯ ದುಬಾರಿ 'ಹಾರ್ಮನಿ' ರಿಮೋಟುಗಳು ಯಾವುದನ್ನು ಹಚ್ಚಿದೆ, ಯಾವುದನ್ನು ಆರಿಸಿದೆ ಎಂದು ನೆನಪಿಟ್ಟುಕೊಂಡು ಈ ಗೋಜಲನ್ನು ಬಹುಮಟ್ಟಿಗೆ ಬಿಡಿಸಿದ್ದವು. 2021ರಲ್ಲಿ ಅವುಗಳ ತಯಾರಿಕೆಯೇ ನಿಂತಿತು. ಹಚ್ಚಲು ಒಂದು ಸಂಕೇತ, ಆರಿಸಲು ಬೇರೊಂದು ಸಂಕೇತ ಎಂದು ಟಿ.ವಿ. ತಯಾರಕರೆಲ್ಲ ಮೊದಲೇ ಒಪ್ಪಿಕೊಂಡಿದ್ದರೆ ಇಷ್ಟು ಜಾಣ ರಿಮೋಟಿನ ಅಗತ್ಯವೇ ಬೀಳುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ದೋಷ ಬಟನ್ನುಗಳ ಜಾಗದಲ್ಲಿದೆ. ಇಂಗ್ಲಿಷ್ ಓದಲಾಗದವರು ರಿಮೋಟನ್ನು ಜಾಗ ಮತ್ತು ಬಣ್ಣದಿಂದ ಕಲಿತಿರುತ್ತಾರೆ: ಮೂಲೆಯ ಕೆಂಪು, ಬಲಗಡೆಯ ಉದ್ದನೆಯದು, ನಡುವಿನ ಗುಂಡಗಿನದು. ಹತ್ತಾರು ಬಟನ್ ತುಂಬಿದ ಹೊಸ ರಿಮೋಟ್ ಬಂದರೆ ವರ್ಷಗಟ್ಟಲೆ ಬೆರಳು ಕಲಿತದ್ದೆಲ್ಲ ಒಮ್ಮೆಲೇ ಹೋಗುತ್ತದೆ. ಪವರ್ ಪಕ್ಕದಲ್ಲೇ 'ಸೋರ್ಸ್' ಬಟನ್. ಕೈ ತಪ್ಪಿ ಒತ್ತಿದರೆ ಪರದೆಯ ಮೇಲೆ 'ನೋ ಸಿಗ್ನಲ್'. ಶಾಲೆಯಿಂದ ಹುಡುಗರು ಬರುವತನಕ, ಇಲ್ಲವೇ ಕೇಬಲ್ಲಿನವರು ಬರುವತನಕ ಟಿ.ವಿ. ಹಾಗೇ ನಿಂತಿರುತ್ತದೆ. ಪವರ್ ಬಟನ್ನಿನ ಪಕ್ಕ ಟಿಕಳಿ ಅಂಟಿಸಿಕೊಂಡ ಮನೆಗಳನ್ನು ಕಂಡಿದ್ದೇನೆ. ಕನ್ನಡದಲ್ಲಿ ನಾಲ್ಕು ಪದ ಅಚ್ಚು ಹಾಕಲು ತಯಾರಕರಿಗೆ ಆಗದ ಕೆಲಸವನ್ನು ಆ ತಾಯಂದಿರು ತಾವೇ ಮಾಡಿಕೊಂಡಿದ್ದಾರೆ.

ಹಾಗೆಂದು ಒಂದೇ ರಿಮೋಟ್ ಬೇಕು ಎಂಬ ಆಸೆಯನ್ನು ಸೋಮಾರಿತನ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಇಳಕಲ್ಲಿನ ಕುಣಿಮಗ್ಗದ ಮನೆಯಲ್ಲಿ ಕಾಲು ಕುಣಿಯಲ್ಲಿ, ಕೈ ಲಾಳಿಯ ಮೇಲೆ ಇರುವ ನೇಕಾರನಿಗೆ ಆವಾಜಿಗೊಂದು ರಿಮೋಟ್, ಚಾನೆಲ್ಲಿಗೊಂದು ರಿಮೋಟ್ ಹುಡುಕುತ್ತ ಕೂರಲಾಗದು. ಎಳೆಯಿಂದ ಕಣ್ಣು ತೆಗೆಯುವ ಹೊತ್ತು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಮಂಡಿನೋವಿನ ಹಿರಿಯರಿಗೂ ಇದು ನಿಜವಾದ ಅನುಕೂಲ.

ಈ ಅನುಕೂಲ ಕೊಡುವ ಸಾಧನ ಬಹಳ ಮನೆಗಳಲ್ಲಿ ಆಗಲೇ ಇದೆ ಎಂಬುದೇ ನನ್ನ ವಾದ. ಅನೇಕ ಸೆಟ್‌ಟಾಪ್ ಬಾಕ್ಸ್‌ಗಳ ರಿಮೋಟಿನ ಒಂದು ತುದಿಯಲ್ಲಿ 'ಟಿವಿ' ಎಂದು ಗೆರೆ ಹಾಕಿ ಬೇರ್ಪಡಿಸಿದ ನಾಲ್ಕೈದು ಬಟನ್ ಇರುತ್ತವೆ: ಪವರ್, ಆವಾಜ ಹೆಚ್ಚು, ಆವಾಜ ಕಡಿಮೆ, ಸೋರ್ಸ್, ಪಕ್ಕದಲ್ಲಿ 'ಸೆಟ್'. ಇವು ಕಲಿಯುವ ಬಟನ್ನುಗಳು. ಸೆಟ್ ಒತ್ತಿ ಹಿಡಿದು ದೀಪ ಹತ್ತಿದ ಮೇಲೆ, ಎರಡೂ ರಿಮೋಟುಗಳ ಮೂತಿಗಳನ್ನು ಎದುರುಬದುರು ಇಟ್ಟು, ಇದರಲ್ಲಿ ಕಲಿಯಬೇಕಾದ ಬಟನ್, ಅದರಲ್ಲಿ ಕಲಿಸುವ ಬಟನ್ ಒತ್ತಿದರೆ ಆಯಿತು. ಕ್ರಮದಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ಬಾಕ್ಸಿನ ಆವಾಜ ಒಮ್ಮೆ ಏರಿಸಿಟ್ಟು ಆಮೇಲೆ ಟಿ.ವಿ.ಯ ಆವಾಜವನ್ನಷ್ಟೇ ಆಡಿಸಿದರೆ ಎರಡು ಆವಾಜಗಳ ಜಗಳವೂ ಮುಗಿಯುತ್ತದೆ. ಸೋರ್ಸ್ ಬಟನ್ನಿಗೆ ಏನನ್ನೂ ಕಲಿಸದೆ ಬಿಡುವುದು ಲೇಸು. ಟಿ.ವಿ.ಗೂ ಬಾಕ್ಸಿಗೂ ಬೇರೆ ಬೇರೆ ಪವರ್ ಬಟನ್ ಇರುವುದರಿಂದ ಕರೆಂಟು ಹೋಗಿ ಬಂದಾಗಿನ ಗೋಜಲೂ ಇಲ್ಲಿ ಕಡಿಮೆ. ಬಾಕ್ಸಿನ ರಿಮೋಟಿನಲ್ಲಿ ಬೆರಳಿಗೆ ರೂಢಿಯಾದ ಜಾಗಗಳೂ ಹಾಗೇ ಉಳಿಯುತ್ತವೆ. ನನ್ನ ಅಳತೆಯಲ್ಲಿ ಗೆಲ್ಲುವುದು ಇದೇ.

ಇದಕ್ಕೂ ಮಿತಿ ಇದೆ. ಸ್ಟಿಕ್‌ಗಳ ರಿಮೋಟ್ ಸಾಮಾನ್ಯವಾಗಿ ಬ್ಲೂಟೂತ್ ಮೇಲೆ ನಡೆಯುತ್ತದೆ, ಅದನ್ನು ಅವಕೆಂಪು ಬೆಳಕಿನ ರಿಮೋಟ್ ಕಲಿಯಲಾರದು. ಒಂದು ಯಂತ್ರದ ರಿಮೋಟಿನಿಂದ ಇನ್ನೊಂದನ್ನೂ ನಡೆಸಲು ಬಿಡುವ, ಎಚ್‌ಡಿಎಂಐ ಕೇಬಲ್ಲಿನ ಸಿಇಸಿ ಸೌಲಭ್ಯ ಅಲ್ಲಿ ನೆರವಾದೀತು. ಕೆಂಪು-ಬಿಳಿ-ಹಳದಿ ವೈರಿನ ಬಾಕ್ಸುಗಳಿಗೆ ಆ ದಾರಿಯಿಲ್ಲ. ಶಿಯೋಮಿಯ ಹಲವು ಫೋನುಗಳಲ್ಲಿ ಅವಕೆಂಪು ದೀಪ ಇದ್ದು, ರಿಮೋಟ್ ಕಳೆದಾಗ ತಾತ್ಕಾಲಿಕವಾಗಿ ಕೈಹಿಡಿಯುತ್ತದೆ. ಆದರೆ ಫೋನ್ ಅದರ ಒಡೆಯನ ಜೊತೆ ಹೊರಗೆ ಹೋಗುವ ವಸ್ತು.

ಎಲ್ಲಕ್ಕಿಂತ ಮುಖ್ಯವಾದ ಮಿತಿ, ಕಲಿಸಲು ಹಳೆಯ ರಿಮೋಟ್ ಜೀವಂತ ಇರಬೇಕು. ನಮ್ಮ ಜನ ಅಂಗಡಿಗೆ ಹೋಗುವುದು ಅದು ಕೆಟ್ಟ ಮೇಲೆ, ಇಲ್ಲವೇ ನೀರಿಗೆ ಬಿದ್ದ ಮೇಲೆ. ಆದ್ದರಿಂದ ಬಾಕ್ಸ್ ಕೂಡಿಸಲು ಬಂದವರೇ ಪವರ್ ಮತ್ತು ಆವಾಜದ ಆ ಮೂರು ಬಟನ್ ಕಲಿಸಿ, ಮನೆಯ ಹಿರಿಯರ ಕೈಗೆ ಕೊಟ್ಟು, ಅವರು ಒಮ್ಮೆ ಹಚ್ಚಿ ಆರಿಸಿದ್ದನ್ನು ನೋಡಿಯೇ ಹೋಗಬೇಕು. ಐದು ನಿಮಿಷದ ಕೆಲಸ. ಹಾಕಿಸುವ ದುಡ್ಡಿನಲ್ಲೇ ಇದೂ ಸೇರಿದೆ ಎಂದು ಗಿರಾಕಿಗಳು ಗಟ್ಟಿಯಾಗಿ ಕೇಳಬೇಕು.